ಹುತ್ತದ ದಾರಿ ತಪ್ಪಿಸಿದ ವರ್ಷ

ಕಳೆದ ವಾರ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ಗಾಡಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಅಜ್ಜಿ ಬಂದು ಮುತ್ತುಗದ ಎಲೆ ಮುಚ್ಚಿದ ಮಂಕರಿಯನ್ನು ಇಳಿಸಿದಳು. ಎಲೆ ಸರಿಸುವ ಮೊದಲೇ ನನ್ನ ಮೂಗಿಗೆ ಗೊತ್ತಾಯಿತು. ಹುತ್ತದ ಅಣಬೆಯ ವಾಸನೆ ಹಾಗೆ. ನೆಂದ ಮಣ್ಣಿನ ಜೊತೆ ಆಗತಾನೇ ಬೀಸಿದ ರಾಗಿಹಿಟ್ಟನ್ನು ಕಲಸಿದಂತಿರುತ್ತದೆ.

“ಎಲ್ಲಿ ಸಿಕ್ತಜ್ಜಿ?” ಎಂದೆ.

“ಅಗೋ, ಆ ಕಡೆ” ಎಂದು ಅಜ್ಜಿ ಕೈಯನ್ನು ಅರ್ಧ ಆಕಾಶಕ್ಕೆ ಬೀಸಿದಳು. ಆ ಕಡೆ ಎಂದರೆ ಬೂದಿಕೋಟೆಯೂ ಆಗಬಹುದು, ಕಾಮಸಮುದ್ರವೂ ಆಗಬಹುದು, ಗಡಿ ದಾಟಿ ಆಂಧ್ರವೂ ಆಗಬಹುದು. ನನಗೆ ನಗು ಬಂತು. ಅಣಬೆ ಕೀಳುವ ಹೆಂಗಸರೆಲ್ಲ ಹೀಗೇ ಕೈ ಬೀಸುತ್ತೇವೆ. ನಾನೂ ಬೀಸಿದ್ದೇನೆ. ಒಂದು ಸಲ ಬೀಸಬಾರದವಳ ಮುಂದೆ ಬೀಸಿದೆ. ಗಾಡಿ ಬಂತು, ಅಜ್ಜಿ ಎದ್ದು ಹೋದಳು, ಆ ವಾಸನೆ ಮಾತ್ರ ಉರಿಗಾಂ ಸ್ಟೇಷನ್ ದಾಟುವವರೆಗೂ ನನ್ನ ಸೆರಗಿಗೆ ಅಂಟಿಕೊಂಡೇ ಬಂತು.

ಅದು ನನ್ನ ತಂಗಿ ಶೈಲಜಾ ಬೆಂಗಳೂರಿನಿಂದ ಥರ್ಮೊಕೋಲ್ ಡಬ್ಬಿ ಹಿಡಿದುಕೊಂಡು ಮನೆಗೆ ಬಂದ ವರ್ಷ. ಒಂದು ಆರಿದ್ರೆ ಮಳೆಯಿಂದ ಇನ್ನೊಂದು ಆರಿದ್ರೆ ಮಳೆಯವರೆಗೆ ಆ ವರ್ಷ ನಡೆಯಿತು ಅಂತ ನನ್ನ ಲೆಕ್ಕ.

ಮೊದಲು ಹುತ್ತದ ವಿಷಯ ಹೇಳಬೇಕು. ನಮ್ಮೂರಿನಿಂದ ನಂದಿದುರ್ಗ ಅನ್ನುವ ಚಿನ್ನದ ಗಣಿಯ ಕೂಲಿಯವರ ಹಳೇ ಲೈನ್ ಮನೆಗಳ ಕಡೆ ಹೋಗುವಾಗ ದನ ಮೇಯುವ ಬಯಲೊಂದು ಸಿಗುತ್ತದೆ. ಅದರ ಕೊನೆಗೆ ಗಣಿ ನಡೆಯುತ್ತಿದ್ದ ಕಾಲದ ಪಂಪ್ ಮನೆಯ ಮುರಿದ ಗೋಡೆ, ಗೋಡೆಯ ಹಿಂದೆ ಒಂದು ಹೊಂಗೆ ಮರ, ಮರದ ಬುಡದಲ್ಲಿ ಹುತ್ತ. ಅರಿಶಿನ ಕುಂಕುಮ ಕಾಣದ ಹುತ್ತ ಅದು, ಗೋಡೆಯ ಮರೆಯಲ್ಲಿ ಇರುವುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದರ ಸುತ್ತ ಏಳುವ ಅಣಬೆಯಷ್ಟು ದಪ್ಪ ಕಾಲಿನ ಅಣಬೆ ನಮ್ಮ ಸೀಮೆಯಲ್ಲಿ ಬೇರೆಲ್ಲೂ ನಾನು ನೋಡಿಲ್ಲ. ನಮ್ಮಮ್ಮ ಮುನಿಯಮ್ಮ ಅದನ್ನು ಒಣಗಿಸಿ ಪುಡಿ ಮಾಡಿ, ಬಾಣಂತಿಯರ ಸಾರಿಗೆ ಹಾಕಲು ಕೊಡುತ್ತಿದ್ದಳು. ಸುತ್ತಲ ಹಳ್ಳಿಗಳಿಂದ ಕೇಳಿಕೊಂಡು ಬರುತ್ತಿದ್ದರು.

ಏಳನೇ ಕ್ಲಾಸಿಗೆ ನನ್ನ ಸ್ಕೂಲು ನಿಂತಿತು. ಅಪ್ಪ ಹಾಸಿಗೆ ಹಿಡಿದಿದ್ದ, ಅಮ್ಮ ಕೂಲಿಗೆ ಹೋಗಬೇಕಿತ್ತು, ಶೈಲು ಕೈಗೂಸು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾನು ಮನೆಯಲ್ಲಿ ಉಳಿದೆ. ಆ ಮಳೆಗಾಲದಲ್ಲೇ ಅಮ್ಮ ಒಂದು ಬೆಳಿಗ್ಗೆ ನನ್ನ ಕೈ ಹಿಡಿದು ಹೊಂಗೆ ಮರದ ಹತ್ತಿರ ಕರೆದುಕೊಂಡು ಹೋದಳು. ಹೋಗುವಾಗಲೇ ಕಟ್ಟಳೆಗಳನ್ನೆಲ್ಲ ಹೇಳಿದಳು. ಚಪ್ಪಲಿ ಗೋಡೆಯ ಆಚೆ ಬಿಡಬೇಕು. ಹುತ್ತದ ಹತ್ತಿರ ಬಾಯಿ ಬಿಡಬಾರದು. ಬೆರಳು ಮಾಡಿ ತೋರಿಸಬಾರದು. ಕಡ್ಡಿಯಿಂದ ಮೀಟಿ ಕೀಳಬೇಕೇ ಹೊರತು ಕಬ್ಬಿಣ ತಾಗಿಸಬಾರದು. ತಾಗಿದರೆ ಅಣಬೆ ಮತ್ತೆ ಏಳುವುದಿಲ್ಲ. ಬರುವಾಗ ಕಿತ್ತ ಅಣಬೆಯ ಮೇಲೆ ಹುಲ್ಲು ಹೊದಿಸಿ, ಹೋದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಬರಬೇಕು.

ನಂದಿದುರ್ಗ ಲೈನಿನ ಸೆಲ್ವಿ ಅಕ್ಕನಿಗಾಗಿಯೇ ಆ ಕೊನೆಯ ಕಟ್ಟಳೆ ಹುಟ್ಟಿದ್ದೇನೋ ಅನ್ನಿಸುತ್ತದೆ. ಅವಳೂ ಅಣಬೆ ಹುಡುಕುವವಳು. ಮಳೆ ಬಿದ್ದ ಮಾರನೇ ದಿನ ನಾನು ಎತ್ತ ಹೋದರೂ ಅವಳಿಗೂ ಅತ್ತಲೇ ಕೆಲಸ ಬೀಳುತ್ತಿತ್ತು. “ಎನ್ನಾ ರತ್ನಾ, ಹುಲ್ಲು ಜಾಸ್ತಿ ಭಾರ ಇದೆ ಪೋಲ? ಕಾಳಾನ್ ವಾಸನೆ ಬರುತ್ತೆ ನಿನ್ನ ಹುಲ್ಲಲ್ಲಿ!” ಎಂದು ಮೂಗು ಎಳೆಯುತ್ತಿದ್ದಳು. ಅವಳ ತಮಿಳಿನಲ್ಲಿ ಅಣಬೆಗೆ ಕಾಳಾನ್. “ನಿನ್ ಮೂಗಿಗೆ ನೆಗಡಿ ಸೆಲ್ವಕ್ಕಾ” ಎಂದು ನಾನು ಓಡುತ್ತಿದ್ದೆ. ಇಬ್ಬರಿಗೂ ಅದೊಂದು ಆಟ.

ನನ್ನನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದರಿಂದ ನಾನು ಅದೇ ಊರಿನಲ್ಲಿ, ಅದೇ ಹಸುಗಳ ನಡುವೆ ಉಳಿದೆ. ನನ್ನ ಯಜಮಾನರು ಬೆಳಗಿನ ಗಾಡಿಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ಬರುತ್ತಾರೆ. ಶೈಲು ಓದುತ್ತಾ ಹೋದಳು. ಬಂಗಾರಪೇಟೆಯಲ್ಲಿ ಕಾಲೇಜು, ಆಮೇಲೆ ಕೋಲಾರ, ಆಮೇಲೆ ಬೆಂಗಳೂರು. ಗಿಡಮೂಲಿಕೆ, ಅಣಬೆಗಳ ವಂಶವಾಹಿಗಳ ಮೇಲೆ ಸಂಶೋಧನೆಗೆ ಸೇರಿದಳು. ಹುತ್ತ ಎಲ್ಲಿದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಹಟ ಹಿಡಿದಿದ್ದಳು. “ನಿಂಗೆ ಪುಸ್ತಕ ಕೊಡ್ಸಿದೀನಲ್ಲ, ಅದು ನಿಮ್ಮಕ್ಕಂಗೆ” ಎಂದಿದ್ದಳು ಅಮ್ಮ. ಆ ಮಾತನ್ನು ನಾನು ಒಳಗೆ ಇಟ್ಟುಕೊಂಡಿದ್ದೆ. ಅವಳಿಗೆ ಓದು, ನನಗೆ ಹುತ್ತ. ನನ್ನ ಪಾಲಿಗೆ ಬಂದದ್ದು ಅದೊಂದೇ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಆ ಆರಿದ್ರೆ ಮಳೆಗೆ ಗಣಿಯ ಕಸ ಸುರಿದು ಎದ್ದ ಸೈನೈಡ್ ಗುಡ್ಡದ ಬಿಳೀ ಧೂಳೆಲ್ಲ ಅಡಗಿ ಗಾಳಿ ತಣ್ಣಗಾಗಿತ್ತು. ಹಿಂದಿನ ರಾತ್ರಿ ಗುಡುಗಿದ್ದರಿಂದ ನಾನು ಬೆಳಿಗ್ಗೆಯೇ ಹೋಗಿ ಒಂದು ಮಡಿಲು ಅಣಬೆ ಕಿತ್ತು ತಂದಿದ್ದೆ. ಮಧ್ಯಾಹ್ನದ ಹೊತ್ತಿಗೆ ಶೈಲು ಬಂದಳು. ಡಬ್ಬಿಯ ತುಂಬ ಐಸು, ಬೆರಳಿನಷ್ಟಿರುವ ಟ್ಯೂಬುಗಳು, ಕೈಗೆ ಹಾಕುವ ನೀಲಿ ಗವಸು. ಅಣಬೆ ನೋಡಿ ಮಗುವಿನಂತೆ ಕುಣಿದಳು. ಒಂದೊಂದನ್ನೂ ಸ್ಪಿರಿಟ್ಟಿನಲ್ಲಿ ಒರೆಸಿದ ಬ್ಲೇಡಿನಿಂದ ಕೊಯ್ದು ಟ್ಯೂಬಿಗೆ ಹಾಕುತ್ತಾ ನನಗೆ ಪಾಠ ಹೇಳಿದಳು.

“ಈ ಅಣಬೆ ಅನ್ನೋದು ಹೂವಿದ್ದಂಗೆ ಅಕ್ಕಾ. ಗಿಡ ಒಳಗಡೆ ಹುತ್ತದಲ್ಲಿರುತ್ತೆ. ಗೆದ್ದಲು ಸೊಪ್ಪು ಸದೆ ಅಗಿದು ಬೆಂಡು ಕಟ್ತವಲ್ಲ, ಆ ಬೆಂಡಲ್ಲಿ ಇದನ್ನ ಬೆಳೀತವೆ, ನಾವು ಹೊಲ ಮಾಡಿದಂಗೆ. ಮೇಲಿನ ಅಣಬೆ, ಕೆಳಗಿನ ಬೆಂಡು ಎರಡೂ ಒಂದೇ ಜೀವ. ಎರಡರ ಡಿಎನ್ಎ ತೆಗೆದು ಓದಿದ್ರೆ ಒಂದೇ ಥರ ಇರಬೇಕು.”

“ಓದಿ ಏನ್ಮಾಡ್ತೀಯ?”

“ಅಮ್ಮನ ಪುಡಿ ಯಾವ ಅಣಬೆದು ಅಂತ ಮೊದಲು ಖಾತ್ರಿಯಾಗ್ಬೇಕು. ಆಮೇಲೆ ಅದರಲ್ಲಿ ಔಷಧಿ ಅಂಶ ತಯಾರು ಮಾಡೋ ಜೀನ್ ಐತಾ ಅಂತ ಹುಡುಕೋದು. ಅಣಬೆ ಯಾವ್ದು ಅಂತಾನೇ ಗೊತ್ತಿಲ್ದಿದ್ರೆ ಮುಂದಿನ ಹೆಜ್ಜೆ ಇಡೋಕಾಗಲ್ಲ.”

ಅಮ್ಮ ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದಳು. “ನಾನು ಇಷ್ಟು ವರ್ಷ ಬಾಣಂತೀರಿಗೆ ಕೊಟ್ಟಿದ್ದೀನಿ. ಈಗ ನಿನ್ ಮಿಷಿನ್ನು ಔದು ಅನ್ಬೇಕಾ?”

“ಔದೋ ಅಲ್ವೋ ನೋಡೋಕೇ ಅಮ್ಮಾ ಅದು ಇರೋದು.”

“ಅಲ್ಲ ಅಂದ್ರೆ?”

“ಅಲ್ಲ ಅಂತಾನೇ ಬರೀತೀನಿ.”

“ಇವಳನ್ನ ಎತ್ತಿ ಆಡ್ಸಿದ್ದು ನಾನಲ್ಲ, ನೀನು” ಎಂದು ಅಮ್ಮ ನನ್ನ ಕಡೆ ತಿರುಗಿದಳು. “ನೀನೇ ಕೇಳ್ಕೊ ಇವಳ ಮಾತ.”

ಶೈಲು ನಗುತ್ತಾ ಎದ್ದಳು. ಮೂಲೆಯಲ್ಲಿದ್ದ ಸಣ್ಣ ಹಾರೆಯನ್ನು ತೆಗೆದುಕೊಂಡಳು. “ನಡಿ ಅಕ್ಕಾ, ಹುತ್ತ ತೋರ್ಸು. ಬೆಂಡು ಒಂಚೂರು ಬೇಕು.”

ಹಾರೆ ನೋಡಿದ ಕೂಡಲೇ ಅಮ್ಮನ ಕಬ್ಬಿಣದ ಕಟ್ಟಳೆ ನೆನಪಾಯಿತು. ಆದರೂ ಮುಂದೆ ನಡೆದೆ. ಬಯಲಿನ ಹತ್ತಿರ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಪಂಪ್ ಮನೆ, ಬಲಕ್ಕೆ ಹೋದರೆ ಕೆರೆ ಕಟ್ಟೆ. ಅಲ್ಲಿಯವರೆಗೂ ನಾನು ಏನನ್ನೂ ತೀರ್ಮಾನ ಮಾಡಿರಲಿಲ್ಲ ಎಂದರೆ ನೀವು ನಂಬಬೇಕು. ಅಲ್ಲಿಗೆ ಬಂದಾಗ ನನ್ನ ಕಾಲು ಬಲಕ್ಕೆ ತಿರುಗಿತು. ಕಟ್ಟೆಯ ಹುಣಸೆ ಮರದ ಕೆಳಗಿದ್ದ ಇನ್ನೊಂದು ಹುತ್ತದ ಮುಂದೆ ನಿಂತು, “ಇದೇ” ಎಂದೆ.

“ಕಿತ್ತ ಗುರುತೇ ಇಲ್ವಲ್ಲ?”

“ಮಳೆ ನೀರು ಮುಚ್ಚೈತೆ.”

ಅಷ್ಟು ಸಾಕಾಯಿತು ಅವಳಿಗೆ. ಅಕ್ಕ ಹೇಳಿದ ಮೇಲೆ ಇನ್ನೇನು? ಕೈಮುಗಿದು ಹಾರೆ ಹಾಕಿದಳು. ಒಳಗೆ ಬೆಂಡು ಸಿಕ್ಕಿತು, ಟ್ಯೂಬಿಗೆ ತುಂಬಿದಳು. ಕಬ್ಬಿಣ ಆ ಹುತ್ತದೊಳಗೆ ಇಳಿದಾಗ, ಸದ್ಯ ನನ್ನದು ಉಳಿಯಿತು ಎಂದು ನನಗೆ ಸಮಾಧಾನವಾಯಿತು. ಇವತ್ತಿಗೂ ನನ್ನನ್ನು ಚುಚ್ಚುವುದು ಆ ಸಮಾಧಾನವೇ.

ರಾಗಿ ಬಿತ್ತಿದೆವು, ಕಳೆ ತೆಗೆದೆವು. ಶೈಲುವಿನ ಫೋನು ಮೊದಲು ದಿನ ಬಿಟ್ಟು ದಿನ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ ಆಯಿತು. ಗೌರಿ ಹಬ್ಬಕ್ಕೆ ಅವಳು ಬರಲಿಲ್ಲ. ನನ್ನ ಯಜಮಾನರ ಕೈಯಲ್ಲಿ ಅವಳ ಹಾಸ್ಟೆಲಿಗೆ ಕರ್ಜಿಕಾಯಿ ಕಳಿಸಿದ್ದೆ. ಅವರು ಬಂದು, “ಉಡುಗಿ ತುಂಬ ಇಳಿದೋಗವ್ಳೆ. ಮಾತಾಡ್ತಾ ಮಾತಾಡ್ತಾನೇ ಅಳ್ತಾಳೆ” ಎಂದರು.

ಅವತ್ತೇ ಫೋನು ಮಾಡಿದೆ. ವಿಷಯ ನಿಧಾನವಾಗಿ ಬಾಯಿಗೆ ಬಂತು. ನಮ್ಮೂರಿನ ಅಣಬೆಯೂ ಬೆಂಡೂ ಹೊಂದುತ್ತಿಲ್ಲ. ಎರಡೂ ಬೇರೆ ಬೇರೆ ವಂಶ ಅಂತ ಬಂದಿದೆ. ಬೇರೆ ಕಡೆಯಿಂದ ತಂದ ಹುತ್ತಗಳಲ್ಲಿ ಎಲ್ಲ ಸರಿಯಾಗಿ ಹೊಂದಿದೆ, ತನ್ನ ಸ್ವಂತ ಊರಿನದ್ದೇ ಹೊಂದುತ್ತಿಲ್ಲ. ಮತ್ತೆ ಮಾಡಿದಳು, ಮತ್ತೆ ಅದೇ ಬಂತು. ಅವಳಿಗೆ ಮಾರ್ಗದರ್ಶನ ಮಾಡುವ ಮೇಡಂ ಒಳ್ಳೆಯವರು, ಆದರೆ ಕೆಲಸದಲ್ಲಿ ಖಡಕ್ಕು. ಟ್ಯೂಬು ಅದಲು ಬದಲು ಮಾಡಿದ್ದೀಯ, ಒಂದು ಕಡೆ ಹೀಗಾಗಿದ್ದರೆ ಉಳಿದದ್ದನ್ನು ಹೇಗೆ ನಂಬುವುದು ಎಂದು ಕೇಳಿದ್ದರು. ಕಮಿಟಿಯವರ ಮುಂದೆ ವರ್ಷದ ಕೆಲಸವನ್ನೆಲ್ಲ ಇಡುವ ದಿನ ಹತ್ತಿರ ಬರುತ್ತಿತ್ತು.

“ಅಕ್ಕಾ, ನಾವು ಅಗೆದಿದ್ದು ಅದೇ ಹುತ್ತ ಅಲ್ವಾ?” ಎಂದಳು.

ಸತ್ಯ ಹೇಳಲು ಅದಕ್ಕಿಂತ ಸುಲಭದ ದಾರಿ ಇನ್ನು ಸಿಗುತ್ತಿರಲಿಲ್ಲ. ನಾನು, “ಅದೇ ಕಣೇ” ಎಂದೆ.

ಮೊದಲನೆಯದು ಕಾಲು ಹೇಳಿದ ಸುಳ್ಳು ಅಂತಲಾದರೂ ಅನ್ನಬಹುದು. ಎರಡನೆಯದನ್ನು ನಾನು ಬಾಯಿ ಬಿಟ್ಟು, ಯೋಚನೆ ಮಾಡಿ ಹೇಳಿದೆ. ಒಂದೆರಡು ಅಣಬೆ ಹೊಂದದಿದ್ದರೆ ಏನು ಮುಳುಗಿಹೋಗುತ್ತದೆ, ಓದಿದವರು ಏನೋ ಒಂದು ದಾರಿ ಹುಡುಕಿಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಹಸುವಿಗೆ ಹುಲ್ಲು ಹಾಕುವಾಗ, ಹಿಟ್ಟು ತಿರುವುವಾಗ, ಡೈರಿಯಲ್ಲಿ ಕ್ಯಾನು ಹಿಡಿದು ನಿಂತಾಗ ಅವಳ ದನಿ ಕಿವಿಯಲ್ಲಿ ಕೂಗುತ್ತಿತ್ತು.

ಹುಬ್ಬೆ ಮಳೆ ಹಿಡಿದಾಗ ಅವಳೇ ಮನೆಗೆ ಬಂದಳು. ಸಾಯಂಕಾಲ ನಾನು ಹಾಲು ಕರೆಯುತ್ತಿದ್ದೆ, ಅವಳು ಕರುವಿನ ಹಗ್ಗ ಹಿಡಿದು ನಿಂತಿದ್ದಳು. ಚಿಕ್ಕಂದಿನಿಂದ ಅದು ಅವಳ ಕೆಲಸ.

“ಅಕ್ಕಾ, ನಾನೊಂದು ತೀರ್ಮಾನ ಮಾಡಿದೀನಿ” ಎಂದಳು. “ನಾಳಿದ್ದು ಹೋಗಿ ಮೇಡಂಗೆ ಹೇಳ್ಬಿಡ್ತೀನಿ, ಟ್ಯೂಬು ಬದಲಾಯ್ಸಿದ್ದು ನಾನೇ ಅಂತ.”

“ಬದಲಾಯ್ಸಿದ್ಯಾ?”

“ಇಲ್ಲ. ನಂಗೊತ್ತು, ಇಲ್ಲ. ಆದ್ರೆ ಬೇರೆ ಇನ್ನೇನಾಗಿರೋಕೆ ಸಾಧ್ಯ? ಅಣಬೆ ಕಿತ್ತಿದ್ದು ನೀನು, ಹುತ್ತ ತೋರ್ಸಿದ್ದು ನೀನು. ಅಲ್ಲಿ ತಪ್ಪಿರಲ್ಲ. ಉಳಿದಿದ್ದು ನನ್ ಕೈ ಒಂದೇ ತಾನೆ. ನಮ್ಮೂರಿನ ಭಾಗ ಬಿಟ್ಬಿಡ್ತೀನಿ. ಆಮೇಲೆ ಅವರು ಮುಂದಕ್ಕೆ ಓದಿಸ್ತಾರೋ ಇಲ್ವೋ…”

ನನ್ನ ಕೈ ನಿಂತುಹೋಯಿತು. ಹಸು ತಿರುಗಿ ನೋಡಿತು. ನಾನು ಮಾಡಿದ್ದನ್ನು ನನ್ನ ತಂಗಿ ತಲೆ ಮೇಲೆ ಹೊತ್ತುಕೊಳ್ಳಲು ಹೊರಟಿದ್ದಳು. ಅವಳು ನನ್ನ ಮೇಲೆ ಇಟ್ಟಿದ್ದ ನಂಬಿಕೆಯೇ ಅವಳ ಕೊರಳಿಗೆ ಹಗ್ಗವಾಗಿತ್ತು.

“ಶೈಲೂ, ಅದು ಬೇರೆ ಹುತ್ತ ಕಣೇ” ಎಂದೆ.

“ಏನು?”

“ನಾನು ತೋರ್ಸಿದ್ದು ಬೇರೆ. ಅಣಬೆ ಬಂದಿದ್ದು ಬೇರೆ ಕಡೆಯಿಂದ. ಬೇಕೂಂತಲೇ ನಿಂಗೆ ದಾರಿ ತಪ್ಸಿದೆ. ಫೋನಲ್ಲಿ ಕೇಳ್ದಾಗ್ಲೂ ಸುಳ್ಳು ಹೇಳ್ದೆ.”

ಅವಳ ಕೈಯಿಂದ ಹಗ್ಗ ಜಾರಿ ಕರು ಕೆಚ್ಚಲಿಗೆ ಬಂದು ಮುಟ್ಟಿತು. ಇಬ್ಬರೂ ಬಿಡಿಸಲಿಲ್ಲ. ಅವಳು ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡು ನಾನು ತಲೆ ತಗ್ಗಿಸಿ ಕೂತೆ. ಅವಳು ನಕ್ಕಳು. ಮೊದಲು ಸಣ್ಣಗೆ, ಆಮೇಲೆ ಜೋರಾಗಿ. ಎರಡೂ ಕೈಗಳನ್ನು ಮುಖದ ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

“ಅಂಗಾದ್ರೆ ನನ್ ಕೈ ಸರಿ ಇತ್ತು! ಅಕ್ಕಾ, ನನ್ ಕೈ ಸರಿ ಇತ್ತು! ಡಿಎನ್ಎ ನಿಜಾನೇ ಹೇಳಿತ್ತು! ಎರಡು ಹುತ್ತ, ಎರಡು ವಂಶ! ಅದು ಮೊದಲ್ನೇ ದಿನದಿಂದ ಅದನ್ನೇ ಹೇಳ್ತಾ ಇತ್ತು, ನಾವ್ಯಾರೂ ನಂಬ್ಲಿಲ್ಲ!”

ಹಾಗೆ ಹೇಳಿ ಕೊಟ್ಟಿಗೆಯಿಂದ ಹೊರಗೆ ಓಡಿದವಳು ಅರ್ಧ ಅಂಗಳದಲ್ಲಿ ನಿಂತುಬಿಟ್ಟಳು. ತಿರುಗಿ ನನ್ನನ್ನು ನೋಡಿದಳು. ಆಗ ಅವಳ ಮುಖದಲ್ಲಿದ್ದ ನಗು ಆರಿತು. ಒಳಗೆ ಹೋದಳು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಅಮ್ಮನಿಗೆ ಸಿಟ್ಟು ನೆತ್ತಿಗೇರಿದರೆ ಬಾಯಿಗೆ ತೆಲುಗು ಬರುತ್ತದೆ. “ಏಮೇ, ನೀಕು ಬುದ್ಧಿ ಉಂದಾ?” ಎಂದಳು. “ಸೆಲ್ವಿಗೆ ಹೇಳ್ಬೇಡ ಅಂದಿದ್ದೆ. ನಿನ್ನ ತಂಗೀಗೂ ಹೇಳ್ಬೇಡ ಅಂತ ಯಾವತ್ತಮ್ಮಿ ಅಂದೆ?”

“ಪುಸ್ತಕ ಅವಳಿಗೆ, ಹುತ್ತ ನಂಗೆ ಅಂದಿದ್ಯಲ್ಲಮ್ಮಾ” ಎಂದೆ. ನನ್ನ ದನಿ ನನಗೇ ಚಿಕ್ಕ ಹುಡುಗಿಯ ದನಿಯಂತೆ ಕೇಳಿಸಿತು.

ಅಮ್ಮ ಹೊಸಿಲು ದಾಟಿ ಕೊಟ್ಟಿಗೆಗೆ ಬಂದಳು. “ಸ್ಕೂಲು ಬಿಟ್ಟ ದಿನ ನೀನು ಒಲೆ ಮುಂದೆ ಕೂತು ಅತ್ತಿದ್ದೆ. ಏನಾದ್ರೂ ಕೊಡ್ಬೇಕು ಅನ್ಸ್ತು ನಂಗೆ. ನನ್ ಹತ್ರ ಇನ್ನೇನಿತ್ತು ಕೊಡೋಕೆ?” ಎಂದಳು. ಆಮೇಲೆ ಹಾಲಿನ ಬಿಂದಿಗೆಯನ್ನು ತಾನೇ ಎತ್ತಿಕೊಂಡು ಹೋದಳು.

ಉತ್ತರೆ ಮಳೆ ಒಂದು ವಾರ ತಡವಾಯಿತು. ಆ ವಾರವೆಲ್ಲ ಶೈಲು ನನ್ನ ಜೊತೆ ಮಾತಾಡಲಿಲ್ಲ. ಮೇಡಂಗೆ ಫೋನು ಮಾಡಿ, ಹುತ್ತದ ಜಾಗ ತಪ್ಪಾಗಿದೆ, ಹೊಸದಾಗಿ ತರುತ್ತೇನೆ ಎಂದು ಸಮಯ ಕೇಳಿದಳು. ಅವರು ಕೊಟ್ಟ ಗಡುವು ತುಂಬ ಚಿಕ್ಕದು. ಅಷ್ಟರೊಳಗೆ ಅಣಬೆ ಏಳಬೇಕು. ನಾನು ದಿನಾ ಅಂಗಳದಲ್ಲಿ ನಿಂತು ಮೋಡ ನೋಡುತ್ತಿದ್ದೆ. ಜೀವಮಾನದಲ್ಲಿ ಯಾವತ್ತೂ ಮಳೆಗೆ ಅಷ್ಟು ಕೈ ಮುಗಿದಿರಲಿಲ್ಲ.

ಕೊನೆಗೆ ಒಂದು ಸಂಜೆ ಕಾಮಸಮುದ್ರದ ಕಡೆಯಿಂದ ಗುಡುಗಿತು. ಮಾರನೇ ಬೆಳಿಗ್ಗೆ ನಾವು ಮೂವರು ಹೆಂಗಸರೂ ಹೊರಟೆವು. ದಾರಿ ಎರಡಾಗುವ ಕಡೆ ನಾನು ಎಡಕ್ಕೆ ತಿರುಗಿದೆ. ಗೋಡೆಯ ಆಚೆ ಚಪ್ಪಲಿ ಬಿಟ್ಟೆವು. ಹೊಂಗೆ ಮರದ ಕೆಳಗೆ ಹುತ್ತದ ಸುತ್ತ ಮಣ್ಣು ಬಿರಿದು ಬೂದು ಬಣ್ಣದ ತಲೆಗಳು ಎದ್ದಿದ್ದವು. ಶೈಲು ಅಲ್ಲೇ ಮಂಡಿಯೂರಿದಳು.

ಅವಳು ಹಾರೆಯನ್ನು ಒರೆಸಿ ನನ್ನ ಕಡೆ ಚಾಚಿದಳು. ಒಂದು ವಾರದ ಮೇಲೆ ಬಂದ ಮೊದಲ ಮಾತು ಅದು: “ನೀನೇ ಆಕು.”

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಬೇರೆ ಕಡೆ ತಿರುಗಿಕೊಂಡಳು. ಚಿಕ್ಕಂದಿನಿಂದ ಯಾವುದನ್ನು ತಾಗಿಸಬಾರದು ಎಂದು ಕಾಯ್ದುಕೊಂಡು ಬಂದಿದ್ದೆನೋ ಅದನ್ನೇ ನನ್ನ ಕೈಯಿಂದ ಇಳಿಸಿದೆ. ಅಣಬೆಯ ಕಾಲು ಮಣ್ಣಿನೊಳಗೆ ಬಳ್ಳಿಯ ಹಾಗೆ ಸಣ್ಣದಾಗುತ್ತಾ ಕೆಳಗೆ ಕೆಳಗೆ ಹೋಗಿತ್ತು. ಅದನ್ನೇ ಹಿಡಿದು, ಮುರಿಯದ ಹಾಗೆ, ಬೆರಳಿನಿಂದ ಮಣ್ಣು ಕೆದಕುತ್ತಾ ಹೋದೆವು. ನಾನೊಂದು ಕಡೆಯಿಂದ, ಅವಳೊಂದು ಕಡೆಯಿಂದ. ಕೊನೆಗೆ ಅದು ಒಂದು ಗೂಡಿಗೆ ಹೋಗಿ ಸೇರಿತು. ಗೂಡಿನಲ್ಲಿ ಕಂದು ಬಣ್ಣದ ಬೆಂಡು, ಒಣಗಿದ ಸ್ಪಂಜಿನ ಹಾಗೆ. ಅದರ ಮೈಮೇಲೆಲ್ಲ ಸಬ್ಬಕ್ಕಿ ಚೆಲ್ಲಿದಂತೆ ಬಿಳೀ ಕಾಳುಗಳು. ಗೆದ್ದಲು ಅವುಗಳ ನಡುವೆ ಗಡಿಬಿಡಿಯಿಂದ ಓಡಾಡುತ್ತಿದ್ದವು.

“ನೋಡಕ್ಕಾ” ಎಂದು ಶೈಲು ಪಿಸುಗುಟ್ಟಿದಳು. “ನಿನ್ ಹುತ್ತದೊಳಗೆ ಏನೈತೆ ನೋಡು.” ಇಷ್ಟು ವರ್ಷ ನನ್ನದು ನನ್ನದು ಅಂದುಕೊಂಡು ನಾನು ಅದರೊಳಗೆ ಇಣುಕಿ ನೋಡಿರಲೇ ಇಲ್ಲ.

ಒಂದು ಹೋಳು ಮಾತ್ರ ತೆಗೆದೆವು. ಗುಂಡಿಯನ್ನು ಅದೇ ಮಣ್ಣಿನಿಂದ ಮುಚ್ಚಿ, ಮೇಲೆ ಹೊಂಗೆ ಎಲೆ ಹರಡಿದೆವು. ಅಮ್ಮ ಅದರ ಮೇಲೆ ಕೈಯಿಟ್ಟು ಏನೋ ಗೊಣಗಿದಳು. ಬರುವಾಗ ನಾನು ಅಭ್ಯಾಸದಂತೆ ಬೇರೆ ದಾರಿಗೆ ತಿರುಗಲು ಹೋದೆ. “ಅಕ್ಕಾ, ಐಸು ಕರಗ್ತೈತೆ, ನೆಟ್ಟಗೆ ನಡಿ” ಎಂದಳು ಶೈಲು.

ಈ ಸಲ ಮೇಡಂ ಒಂದು ಉಪಾಯ ಮಾಡಿದ್ದರು. ಟ್ಯೂಬುಗಳ ಮೇಲೆ ಊರಿನ ಹೆಸರಿಲ್ಲದೆ ಬರೀ ಗುರುತು ಹಾಕಿಸಿ, ಶೈಲು ಒಂದು ಸಲ, ಬೇರೆಯವರು ಒಂದು ಸಲ ಪರೀಕ್ಷೆ ಮಾಡುವ ಹಾಗೆ. ಯಾವುದು ಯಾವುದರದ್ದು ಎಂದು ಇಬ್ಬರಿಗೂ ಗೊತ್ತಿರಬಾರದು. ಫಲಿತಾಂಶ ಬಂದಾಗ ನಾನು ಡೈರಿಯ ಸಾಲಿನಲ್ಲಿ ನಿಂತಿದ್ದೆ. ಫೋನು ತೆಗೆದರೆ ಅತ್ತ ಕಡೆ ಬರೀ ಉಸಿರು.

“ಶೈಲೂ? ಏನಾಯ್ತೇ? ಯೋಳೇ!”

“ಒಂದೇ ಅಕ್ಕಾ! ಇಬ್ಬರಿಗೂ ಒಂದೇ ಬಂತು! ಅಣಬೆ, ಬೆಂಡು, ಅಮ್ಮ ಡಬ್ಬೀಲಿ ಇಟ್ಟಿದ್ದ ಹಳೇ ಪುಡಿ, ಮೂರೂ ಒಂದೇ! ಇನ್ನೊಂದು ಕೇಳು. ನಾವು ಹೋಲಿಸಿ ನೋಡಿದ ಯಾವ ಅಣಬೆ ಜೊತೆಗೂ ಅದು ಸೇರ್ತಿಲ್ಲ. ವಂಶದ ಮರದಲ್ಲಿ ಅದರದ್ದೇ ಬೇರೆ ಕೊಂಬೆ! ನಮ್ಮೂರಿಂದು ಬೇರೆ ಕೊಂಬೆ ಅಕ್ಕಾ!”

ನಾನು ಕುಣಿದೆನೋ ಏನೋ ಗೊತ್ತಿಲ್ಲ. ಹಾಲು ಅಳೆಯುವ ಹುಡುಗಿ, “ಲಾಟ್ರಿ ಹೊಡೀತಾ ರತ್ನಕ್ಕಾ?” ಎಂದಳು. “ಅದಕ್ಕಿಂತ ದೊಡ್ಡದು ಕಣೇ” ಎಂದೆ. ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದರೆ, ಅವಳು ತಲೆ ಅಲ್ಲಾಡಿಸಿ, “ಮೂರೂ ಒಂದೇ ಅಂತ ನಂಗೊತ್ತಿರ್ಲಿಲ್ವಾ?” ಎಂದಳು. ಎಂದವಳು ಹೋಗಿ ದೇವರ ಮುಂದೆ ದೀಪ ಹಚ್ಚಿದಳು.

ಕಮಿಟಿಯ ದಿನ ನಾನೂ ಅಮ್ಮನೂ ಮಾರಿಕುಪ್ಪಂನಿಂದ ಬರುವ ಗಾಡಿ ಹತ್ತಿ ಬೆಂಗಳೂರಿಗೆ ಹೋದೆವು. ದೊಡ್ಡ ಹಾಲಿನ ಕೊನೇ ಸಾಲಿನಲ್ಲಿ ಕೂತೆವು. ಶೈಲು ಹಸಿರು ಸೀರೆ ಉಟ್ಟು ಇಂಗ್ಲಿಷಿನಲ್ಲಿ ಮಾತಾಡಿದಳು. ನನಗೆ ಅರ್ಥವಾದದ್ದು ಸ್ವಲ್ಪ. ಆದರೆ ಪರದೆಯ ಮೇಲೆ ಒಂದು ಮರದ ಚಿತ್ರ ಬಂತು, ಬರೀ ಗೆರೆಗಳಿಂದ ಬರೆದದ್ದು. ಕೊಂಬೆ ಕೊಂಬೆಗೆ ಒಂದೊಂದು ಅಣಬೆ. ಒಂದು ಕೊಂಬೆ ಎಲ್ಲದರಿಂದ ದೂರ ಸರಿದು ಒಂಟಿಯಾಗಿ ನಿಂತಿತ್ತು. ಅದರ ತುದಿಯಲ್ಲಿ ನಮ್ಮೂರಿನ ಹೆಸರು. ಆಮೇಲೆ ಮಂಕರಿ ಹಿಡಿದು ಕೂತಿರುವ ಅಮ್ಮನ ಫೋಟೋ, ಅದರ ಕೆಳಗೆ ನಮ್ಮಿಬ್ಬರ ಹೆಸರು. ನನ್ನ ಹೆಸರು ಇಂಗ್ಲಿಷಿನಲ್ಲಿ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ನೋಡಿರಲಿಲ್ಲ.

“ಸೆರಗು ಸರ್ಯಾಗಿ ಒದ್ಕೊಳೋಕೂ ಬಿಡ್ಲಿಲ್ಲ, ತೆಗೆದವ್ಳೆ ಫೋಟೋ” ಎಂದು ಅಮ್ಮ ಗೊಣಗಿದಳು. ಕಣ್ಣು ಮಾತ್ರ ಪರದೆ ಬಿಟ್ಟು ಅಲುಗಾಡಲಿಲ್ಲ.

ಮೊದಲ ಸಲದ ಫಲಿತಾಂಶ ಯಾಕೆ ಹಾಗಾಯಿತು ಎಂದು ಯಾರೋ ಕೇಳಿದರು. ಅದಕ್ಕೆ ಅವಳು ಏನು ಹೇಳಿದಳು ಎಂದು ಆಮೇಲೆ ಕೇಳಿದೆ. “ಹುತ್ತದ ಜಾಗ ತಪ್ಪಾಗಿ ದಾಖಲಾಗಿತ್ತು, ತಪ್ಪು ನಮ್ಮ ಕಡೆಯದು ಅಂದೆ” ಎಂದಳು. ನಮ್ಮ ಕಡೆಯದು. ಅವಳು ನನ್ನ ಹೆಸರು ಎತ್ತಲಿಲ್ಲ. ಆಮೇಲಾದರೂ ಮೇಡಂ ಹತ್ತಿರ ಹೋಗಿ ಅದು ನಾನು ಎನ್ನುವ ಧೈರ್ಯ ನನಗೆ ಅವತ್ತು ಬರಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆ ತಪ್ಪು ಮಾಡಿದವಳು ನಾನು. ಕೆರೆ ಕಟ್ಟೆಯ ಹುತ್ತದ ಬೆಂಡನ್ನು ಈಗ ಅದರ ಸರಿಯಾದ ಜಾಗದ ಹೆಸರು ಹಾಕಿ ಇನ್ನೊಂದು ಕೊಂಬೆಯ ಮೇಲೆ ಕೂರಿಸಿದ್ದಾಳೆ. ಅಮ್ಮನ ಪುಡಿಯಲ್ಲಿ ಔಷಧಿ ಗುಣ ಇದೆಯೋ ಇಲ್ಲವೋ ಎಂಬುದನ್ನು ಇನ್ನೂ ಹುಡುಕುತ್ತಲೇ ಇದ್ದಾಳೆ. ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯುತ್ತಾಳೆ, ನನಗೆ ಗೊತ್ತು.

ಕಮಿಟಿಯವರು ಒಪ್ಪಿದರು. ಶೈಲು ನನ್ನ ಜೊತೆ ಮೊದಲಿನಂತೆ ಜಗಳವಾಡತೊಡಗಿದಳು. ಒಂದು ಮಾತ್ರ ಉಳಿದಿತ್ತು. ಹುತ್ತಕ್ಕೆ ಕಬ್ಬಿಣ ತಾಗಿತ್ತು. ಬೇಸಿಗೆಯಲ್ಲೆಲ್ಲ ನಾನು ಗೋಡೆಯ ಹಿಂದೆ ಹೋಗಿ ನೋಡಿ ಬರುತ್ತಿದ್ದೆ. ಮುಚ್ಚಿದ ಕಡೆ ಗೆದ್ದಲು ಹೊಸ ಮಣ್ಣು ಮೆತ್ತಿದ್ದವು. ಆದರೆ ಅಣಬೆಯ ವಿಷಯದಲ್ಲಿ ಮಾತು ಕೊಡುವವರು ಯಾರು? ಅಮ್ಮ ಒಂದು ಮಾತೂ ಆಡುತ್ತಿರಲಿಲ್ಲ. ಅವಳು ಆಡದಿದ್ದದ್ದೇ ನನಗೆ ಭಯ.

ಮತ್ತೆ ಆರಿದ್ರೆ ಮಳೆ ಬಂತು. ಮೊದಲ ಗುಡುಗಿಗೆ ಹೋದೆ, ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಬರಿಗೈಯಲ್ಲಿ ಬಂದಾಗ ಅಮ್ಮ ರೊಟ್ಟಿ ತಟ್ಟುತ್ತಿದ್ದಳು. ಮಳೆ ಇನ್ನೇನು ಮುಗಿಯಿತು ಅನ್ನುವಾಗ ಒಂದು ರಾತ್ರಿ ಬಿಡದೆ ಸುರಿಯಿತು. ಬೆಳಿಗ್ಗೆ ಹೋಗುವ ಆಸೆಯೂ ಇರಲಿಲ್ಲ. ಹುಲ್ಲಿಗೆಂದು ಹೋದವಳು ಹಾಗೇ ಗೋಡೆ ಬಳಸಿದೆ.

ಹೊಂಗೆ ಮರದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಹುತ್ತದ ಸುತ್ತ, ಮರದ ಬೇರಿನ ನಡುವೆ, ಗೋಡೆಯ ಬುಡದವರೆಗೂ ಅಣಬೆ ಎದ್ದಿದ್ದವು. ನಾವು ಹಾರೆ ಹಾಕಿದ ಜಾಗದಲ್ಲಿ ಎಲ್ಲಕ್ಕಿಂತ ದಪ್ಪನೆಯದೊಂದು ಮಣ್ಣನ್ನು ತಲೆ ಮೇಲೆ ಹೊತ್ತುಕೊಂಡೇ ನಿಂತಿತ್ತು.

ಹುತ್ತದ ಹತ್ತಿರ ಬಾಯಿ ಬಿಡಬಾರದು ಎನ್ನುವ ಕಟ್ಟಳೆಯನ್ನು ನಾನು ಅವತ್ತಿನವರೆಗೂ ಮೀರಿರಲಿಲ್ಲ. ಫೋನು ತೆಗೆದು ಶೈಲುವಿಗೆ ಮಾಡಿದೆ. ಅವಳು “ಹಲೋ” ಅನ್ನುವಷ್ಟರಲ್ಲಿ ನಾನು ಕೂಗಿಬಿಟ್ಟೆ.

“ಎದ್ದವ್ವೆ ಕಣೇ! ಶೈಲೂ! ಎಲ್ಲಾ ಎದ್ದವ್ವೆ! ಕಬ್ಬಿಣ ತಾಗಿದ ಕಡೇನೂ ಎದ್ದವ್ವೆ!”

ಅತ್ತ ಕಡೆ ಅವಳೂ ಕೂಗಿದಳು. ಏನು ಕೂಗಿದಳೋ ಕೇಳಿಸಲಿಲ್ಲ. ನನ್ನ ದನಿ ಬಯಲು ದಾಟಿ, ಲೈನ್ ಮನೆಗಳಿಗೆ ತಾಗಿ, ಸೈನೈಡ್ ಗುಡ್ಡದಿಂದ ತಿರುಗಿ ನನಗೇ ಕೇಳುತ್ತಿತ್ತು. ಯಾರು ಕೇಳಿಸಿಕೊಂಡರೂ ಕೇಳಿಸಿಕೊಳ್ಳಲಿ ಎಂದು ಇನ್ನೊಂದು ಸಲ ಕೂಗಿದೆ.

ಸ್ವಲ್ಪ ಹೊತ್ತಿಗೆ ಗೋಡೆಯ ಆ ಬದಿಯಿಂದ ಏದುಸಿರು ಬಿಡುತ್ತಾ ಒಂದು ತಲೆ ಮೇಲೆ ಬಂತು. ಸೆಲ್ವಿ ಅಕ್ಕ. ಕೈಯಲ್ಲಿ ಚೀಲ. ಅಣಬೆಗಳನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಅಣಬೆಗಳನ್ನು ನೋಡಿದಳು.

“ಅಡಿಪಾವಿ!” ಎಂದಳು. “ಇಷ್ಟು ವರ್ಷ ನನ್ನ ಮನೆ ಹಿಂದೇನೇ ಇತ್ತಾ? ನಾನು ಬೂದಿಕೋಟೆವರೆಗೂ ನಡೆದಿದ್ದೀನಲ್ಲಮ್ಮಾ!”

ನಾನು ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟೆ.

“ಬಾ ಸೆಲ್ವಕ್ಕಾ” ಎಂದೆ. “ಚಪ್ಪಲಿ ಮಾತ್ರ ಆಚೆ ಬಿಟ್ಟು ಬಾ.”